ಮನೆಯ ಅಡುಗೆ ಪುಸ್ತಕ: ಹಾಗೇ ಇಡುವುದೋ, ಬೈಂಡ್ ಮಾಡಿಸುವುದೋ, ಸ್ಕ್ಯಾನ್ ಮಾಡುವುದೋ, ಅಚ್ಚು ಹಾಕಿಸುವುದೋ?

ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಹಳೆಯ ಮನೆ ಖಾಲಿ ಮಾಡುವಾಗ ಅಟ್ಟದಿಂದ ಇಳಿಯುವ ಸಾಮಾನಿನಲ್ಲಿ ಒಂದು ಗಂಟು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಅಜ್ಜಿ ಬರೆದಿಟ್ಟ ಅಡುಗೆಗಳು, ವಾರಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದ ಪುಟಗಳು, ಕುಕ್ಕರಿನ ಜೊತೆ ಬಂದ ಕೈಪಿಡಿ, ರಟ್ಟು ಕಿತ್ತುಹೋದ ಒಂದೆರಡು ಅಚ್ಚಿನ ಪುಸ್ತಕಗಳು. ಎಸೆಯಲು ಯಾರಿಗೂ ಮನಸ್ಸಿಲ್ಲ. ಏನು ಮಾಡಬೇಕು ಎನ್ನುವಲ್ಲಿ ಮಾತ್ರ ಮನೆಯಲ್ಲಿ ನಾಲ್ಕು ಅಭಿಪ್ರಾಯ.

ಇಂಥ ಪುಸ್ತಕದಲ್ಲಿ ಉಳಿಸಬೇಕಾದ್ದು ಮೂರು. ಒಂದು, ಆ ಕಾಗದ ಮತ್ತು ಕೈಬರಹ. ಎರಡು, ಅಡುಗೆ ಮಾಡುವ ಕ್ರಮ. ಮೂರನೆಯದು, ಎಲ್ಲರೂ ಮರೆಯುವ ಅಳತೆ. ಬೈಂಡಿಂಗ್ ಕಾಗದವನ್ನು ಉಳಿಸುತ್ತದೆ, ಸ್ಕ್ಯಾನ್ ಕೈಬರಹದ ರೂಪವನ್ನು ಉಳಿಸುತ್ತದೆ, ಅಚ್ಚು ಹಾಕಿಸಿದರೆ ಕ್ರಮ ಉಳಿಯುತ್ತದೆ. ಅಳತೆಯನ್ನು ಇವುಗಳಲ್ಲಿ ಯಾವುದೂ ತಾನಾಗಿ ಉಳಿಸುವುದಿಲ್ಲ. ಪುಸ್ತಕದಲ್ಲಿ ‘ಎರಡು ಪಾವು’ ಎಂದಿದ್ದು ಆ ಪಾವಿನ ಪಾತ್ರೆ ಗುಜರಿಗೆ ಹೋಗಿದ್ದರೆ, ಸಾರಿನ ಪುಡಿಯ ಅರ್ಧ ಗುಟ್ಟು ಅದರ ಜೊತೆಯೇ ಹೋದಂತೆ. ಆದ್ದರಿಂದ ಏನನ್ನು ಉಳಿಸಬೇಕೆಂದು ಮೊದಲು ಗಟ್ಟಿ ಮಾಡಿಕೊಂಡು, ಆಮೇಲೆ ದಾರಿ ಆರಿಸಿಕೊಳ್ಳಿ.

ಅವಸರದಲ್ಲಿರುವವರಿಗೆ ನಮ್ಮ ಅಭಿಪ್ರಾಯ ಇಷ್ಟು: ಪುಸ್ತಕಕ್ಕೆ ಬೇರೇನೇ ಮಾಡುವ ಮುಂಚೆ ಪೂರ್ತಿ ಪುಸ್ತಕದ ಒಳ್ಳೆಯ ಚಿತ್ರಗಳನ್ನು ತೆಗೆದಿಟ್ಟುಕೊಳ್ಳಿ. ಹೊಲಿಗೆ ಬಿಟ್ಟು ಹಾಳೆಗಳು ಉದುರುತ್ತಿದ್ದರೆ ಮಾತ್ರ ಬೈಂಡಿಂಗ್. ಅದರಿಂದ ನಿಜವಾಗಿ ಅಡುಗೆ ಮಾಡುವವರು ಮನೆಯಲ್ಲಿದ್ದರೆ ಮಾತ್ರ ಅಚ್ಚು. ಲ್ಯಾಮಿನೇಷನ್ ಮಾತ್ರ ಯಾವ ಕಾರಣಕ್ಕೂ ಬೇಡ.

ಲ್ಯಾಮಿನೇಷನ್ ಏಕೆ ಬೇಡ

ಬಿಸಿ ರೋಲರಿನಲ್ಲಿ ಕರಗಿದ ಅಂಟು ಕಾಗದದ ನಾರಿನೊಳಗೆ ಇಳಿಯುತ್ತದೆ. ಒಮ್ಮೆ ಇಳಿದ ಮೇಲೆ ಕಾಗದ ಹರಿಯದಂತೆ ಅದನ್ನು ಬಿಡಿಸಲು ಆಗುವುದಿಲ್ಲ. ಹಳೆಯ ಅಗ್ಗದ ಕಾಗದದಲ್ಲಿ ಆಮ್ಲದ ಅಂಶವಿರುತ್ತದೆ. ಪ್ಲಾಸ್ಟಿಕ್ಕಿನೊಳಗೆ ಮುಚ್ಚಿಟ್ಟರೂ ಒಳಗೊಳಗೇ ಕಂದಿ ಪುಡಿಯಾಗುವುದು ನಿಲ್ಲುವುದಿಲ್ಲ. ತೇವ ಉಳಿದಿದ್ದರೆ ಅದೂ ಒಳಗೇ ಸಿಕ್ಕಿಕೊಳ್ಳುತ್ತದೆ. ಸೆಲ್ಲೋಟೇಪು ಹಚ್ಚುವುದೂ ಇದೇ ಜಾತಿಯ ತಪ್ಪು. ಕೆಲವೇ ವರ್ಷಗಳಲ್ಲಿ ಟೇಪು ಉದುರಿ, ಹಳದಿಗಟ್ಟಿದ ಅಂಟು ಅಕ್ಷರದ ಮೇಲೆಯೇ ಕೂತಿರುತ್ತದೆ. ಅಡುಗೆಮನೆಯಲ್ಲಿ ಗೋಡೆಗೆ ತೂಗುಹಾಕಲು ಲ್ಯಾಮಿನೇಟ್ ಮಾಡಿದ ಹಾಳೆಯೇ ಬೇಕಿದ್ದರೆ ನಕಲನ್ನು ಮಾಡಿಸಿ.

ಹಾಗೇ ಇಡುವುದು

ಖರ್ಚು ಕಡಿಮೆ, ಶಿಸ್ತು ಜಾಸ್ತಿ. ಹೊಲಿಗೆ ಗಟ್ಟಿಯಾಗಿದ್ದು, ಹಾಳೆಯ ಮೂಲೆ ಮಡಿಸಿದರೆ ಮುರಿಯದಿದ್ದರೆ ಈ ದಾರಿಯೇ ಸಾಕು. ಮೂಲೆಯನ್ನು ಪೂರ್ತಿ ಮಡಿಸಿ ನೋಡಬೇಡಿ. ತುದಿಯನ್ನು ಸ್ವಲ್ಪ ಬಗ್ಗಿಸಿದರೆ ತಿಳಿಯುತ್ತದೆ.

ಬೆಂಗಳೂರಿನಲ್ಲಿ ಕರಾವಳಿಯಷ್ಟು ತೇವವಿಲ್ಲ ಎಂದು ಮೈಮರೆಯುವಂತಿಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ, ಅದರಲ್ಲೂ ಬಿಸಿಲು ಕಾಣದ ನೆಲಮಹಡಿಯ ಮನೆಗಳಲ್ಲಿ, ಗೋಡೆಗೆ ತಾಗಿದ ಬೀರುವಿನ ಹಿಂಭಾಗದಲ್ಲಿ ಬೂಸಲು ಬರುತ್ತದೆ. ಗಾಳಿಯ ತೇವಾಂಶ ಶೇಕಡ 65ರಿಂದ 70 ದಾಟಿದರೆ ಬೂಸಲಿಗೆ ಅನುಕೂಲ. ಪುಸ್ತಕಕ್ಕೆ 45ರಿಂದ 55ರ ಆಸುಪಾಸು ಒಳ್ಳೆಯದು. ತೇವ ತೋರಿಸುವ ಪುಟ್ಟ ಡಿಜಿಟಲ್ ಮೀಟರ್ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿದರೆ ಸಿಗುತ್ತದೆ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಮುಂದೆ ಸರಿಸಿ. ಅಡುಗೆಮನೆ, ಬಚ್ಚಲಿನ ಪಕ್ಕದ ಗೋಡೆ, ಅಟ್ಟ ಈ ಮೂರೂ ಬೇಡ. ಮಲಗುವ ಕೋಣೆಯ ಬೀರುವಿನ ನಡುಗೂಡೇ ಮೇಲು.

ಪಾರದರ್ಶಕ ಪಿವಿಸಿ ಕವರಿನಲ್ಲಿ ಹಾಳೆ ಇಡುವುದು ಬಹಳ ಮನೆಗಳಲ್ಲಿ ಕಾಣುತ್ತದೆ. ಆ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಲು ಬೆರೆಸುವ ರಾಸಾಯನಿಕ ಬಾಲ್‌ಪೆನ್ನಿನ ಮಸಿಯನ್ನು ಎಳೆದುಕೊಳ್ಳುತ್ತದೆ. ಕೊನೆಗೆ ಅಕ್ಷರ ಕವರಿಗೆ ಅಂಟಿ, ಕಾಗದದ ಮೇಲೆ ನೆರಳಷ್ಟೇ ಉಳಿಯುತ್ತದೆ. ಪಾಲಿಪ್ರೊಪಿಲೀನ್ ಫೋಲ್ಡರ್ ಕೇಳಿ ತನ್ನಿ. ಅಥವಾ ಬಿಳಿಯ ಹತ್ತಿಬಟ್ಟೆಯಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿಡಿ. ತುಕ್ಕು ಹಿಡಿದ ಗುಂಡುಸೂಜಿ, ಸ್ಟೇಪಲ್ ಪಿನ್ನುಗಳನ್ನು ಬಿಡಿಸಿ ತೆಗೆಯಿರಿ. ಎಳೆಯಬಾರದು, ಹಿಂದಿನ ಕಾಲುಗಳನ್ನು ಚಪ್ಪಟೆ ಚಾಕುವಿನ ತುದಿಯಿಂದ ಎತ್ತಿ ನೆಟ್ಟಗೆ ಮಾಡಿದ ಮೇಲೆ ಮುಂದಿನಿಂದ ತಾನೇ ಬರುತ್ತದೆ.

ಹುಳು ಕಂಡರೆ ನುಸಿಗುಳಿಗೆ ತುಂಬಬೇಡಿ. ಅದರ ಆವಿ ಮಕ್ಕಳಿರುವ ಮನೆಗೆ ಒಳ್ಳೆಯದಲ್ಲ, ವಾಸನೆಯಂತೂ ಪುಸ್ತಕ ಬಿಟ್ಟು ಹೋಗುವುದಿಲ್ಲ. ಬೇವಿನ ಎಲೆ ಪುಟಗಳ ನಡುವೆ ಇಟ್ಟರೆ ಕಲೆ ಬೀಳುತ್ತದೆ. ಫ್ರೀಜರ್ ಇವೆರಡಕ್ಕಿಂತ ಖಚಿತ. ಪುಸ್ತಕ ಪೂರ್ತಿ ಒಣಗಿರಬೇಕು. ಜಿಪ್ ಕವರಿನಲ್ಲಿಟ್ಟು, ಗಾಳಿ ಒತ್ತಿ ತೆಗೆದು, ಇನ್ನೊಂದು ಕವರಿನಲ್ಲಿ ಮತ್ತೆ ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ತಕ್ಷಣ ಕವರು ಬಿಚ್ಚಿದರೆ ನೀರಿನ ಹನಿ ಕಾಗದದ ಮೇಲೆಯೇ ಕೂರುತ್ತದೆ; ಒಂದು ಪೂರ್ತಿ ದಿನ ಹಾಗೇ ಬಿಟ್ಟು ಆಮೇಲೆ ಬಿಚ್ಚಿ. ಪುಸ್ತಕದಲ್ಲಿ ಫೋಟೋ ಅಂಟಿಸಿದ್ದರೆ ಈ ಕ್ರಮ ಬೇಡ.

ಬೈಂಡಿಂಗ್: ಏನು ಹೇಳಿ ಕೊಡಬೇಕು

ಅವೆನ್ಯೂ ರಸ್ತೆ, ಚಿಕ್ಕಪೇಟೆ ಸುತ್ತಮುತ್ತ ಬೈಂಡಿಂಗ್ ಬಲ್ಲವರು ಈಗಲೂ ಇದ್ದಾರೆ. ಅವರ ದಿನನಿತ್ಯದ ಕೆಲಸ ಕಚೇರಿಯ ಲೆಕ್ಕಪುಸ್ತಕ, ವಿದ್ಯಾರ್ಥಿಗಳ ಪ್ರಬಂಧ. ಅದೇ ಕ್ರಮದಲ್ಲಿ ಅಜ್ಜಿಯ ಪುಸ್ತಕವನ್ನೂ ಮಾಡಿಕೊಟ್ಟರೆ ಮೂರು ನಷ್ಟಗಳಾಗುತ್ತವೆ, ಮೂರನ್ನೂ ಮೊದಲೇ ಹೇಳಿ ತಪ್ಪಿಸಬಹುದು.

ಮೊದಲನೆಯದು ಕಟಿಂಗ್. ಅಂಚು ಚೊಕ್ಕಟವಾಗಲೆಂದು ಮೂರೂ ಕಡೆ ಯಂತ್ರದಲ್ಲಿ ಕತ್ತರಿಸುತ್ತಾರೆ. ಅಡುಗೆ ಪುಸ್ತಕದ ಅತ್ಯಮೂಲ್ಯ ಮಾತುಗಳಿರುವುದೇ ಅಂಚಿನಲ್ಲಿ: ‘ಬೆಲ್ಲ ಜಾಸ್ತಿ ಆಯ್ತು’, ‘ಹಬ್ಬಕ್ಕೆ ಎರಡರಷ್ಟು’, ‘ಅಕ್ಕನ ಮನೆ ರೀತಿ’. ಅರ್ಧ ಸೆಂಟಿಮೀಟರ್ ಹೋದರೂ ಅವು ಹೋಗುತ್ತವೆ. ‘ಕಟಿಂಗ್ ಬೇಡವೇ ಬೇಡ’ ಎಂದು ಹೇಳುವುದರ ಜೊತೆಗೆ ಚೀಟಿಯಲ್ಲಿ ಬರೆದು ಪುಸ್ತಕಕ್ಕೆ ಸಿಕ್ಕಿಸಿ ಕೊಡಿ. ಅಂಗಡಿಯಲ್ಲಿ ಮಾತು ಕೇಳಿಸಿಕೊಂಡವರು ಒಬ್ಬರು, ಯಂತ್ರದ ಮುಂದೆ ಕೂರುವವರು ಇನ್ನೊಬ್ಬರು.

ಎರಡನೆಯದು ಹೊಲಿಗೆ. ಹಾಳೆಗಳನ್ನೆಲ್ಲ ಒಟ್ಟಿಗೆ ಹಿಡಿದು ಪಕ್ಕದಲ್ಲಿ ತೂತು ಹಾಕಿ ಹೊಲಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಒಳಅಂಚಿನಲ್ಲಿ ಸುಮಾರು ಒಂದು ಸೆಂಟಿಮೀಟರ್ ನುಂಗಿಹೋಗುತ್ತದೆ, ಪುಸ್ತಕ ಪೂರ್ತಿ ತೆರೆಯುವುದೂ ಇಲ್ಲ. ಬಲವಂತವಾಗಿ ತೆರೆದಾಗ ಹಳೆಯ ಹಾಳೆ ಹೊಲಿಗೆಯ ಗೆರೆಯಲ್ಲೇ ಮುರಿಯುತ್ತದೆ. ಮಡಿಕೆ ಉಳಿದಿರುವ ನೋಟ್‌ಬುಕ್ ಆದರೆ ಕಂತೆ ಕಂತೆಯಾಗಿ ಮಡಿಕೆಯ ನಡುವೆಯೇ ಹೊಲಿಯಲು ಕೇಳಿ. ಮಡಿಕೆ ಹರಿದು ಬಿಡಿಹಾಳೆಗಳಾಗಿದ್ದರೆ ಬೈಂಡಿಂಗ್ ಆಸೆಯನ್ನೇ ಬಿಟ್ಟು ಪೆಟ್ಟಿಗೆಯಲ್ಲಿಡುವುದು ಜಾಣತನ.

ಮೂರನೆಯದು ಅಂಟು. ಮೈದಾ ಅಂಟು ಒಳ್ಳೆಯದೇ. ನೀರು ತಾಗಿಸಿದರೆ ಮುಂದೊಮ್ಮೆ ಬಿಡಿಸಬಹುದು. ಹುಳ ಬರದಿರಲೆಂದು ಅದಕ್ಕೆ ಮೈಲುತುತ್ತ ಬೆರೆಸುವ ರೂಢಿಯಿದೆ. ತಾಮ್ರದ ಅಂಶ ಕಾಗದವನ್ನು ನಿಧಾನವಾಗಿ ಕಂದಿಸಿ ದುರ್ಬಲ ಮಾಡುತ್ತದೆ, ಆದ್ದರಿಂದ ಮೈಲುತುತ್ತ ಇಲ್ಲದ ಅಂಟು ಕೇಳಿ. ಬಿಳಿಯ ಫೆವಿಕಾಲ್ ರಟ್ಟಿಗೆ ಸರಿ, ಬರಹವಿರುವ ಹಾಳೆಗೆ ಬೇಡ.

ಹಾಳೆ ಮುಟ್ಟಿದರೆ ಪುಡಿಯಾಗುತ್ತಿದ್ದರೆ, ಮಸಿ ಕಾಗದವನ್ನೇ ತಿಂದು ತೂತು ಮಾಡಿದ್ದರೆ, ಅದು ಬೈಂಡರ್ ಕೈಯ ಕೆಲಸವೂ ಅಲ್ಲ, ಮನೆಯವರ ಕೈಯ ಕೆಲಸವೂ ಅಲ್ಲ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ, ಪರಂಪರೆಯ ವಸ್ತುಗಳನ್ನು ಉಳಿಸುವ ಸಂಸ್ಥೆಯಾದ ಇಂಟಾಕ್‌ನ ಸಂರಕ್ಷಣಾ ಕೇಂದ್ರವಿದೆ. ಅಂಥ ತಜ್ಞರನ್ನು ವಿಚಾರಿಸಿ, ಇಡೀ ಪುಸ್ತಕಕ್ಕೋ ಬರೀ ನಾಲ್ಕು ಪುಟಕ್ಕೋ ಎಂದು ತೀರ್ಮಾನಿಸಿ.

ಜೆರಾಕ್ಸ್, ಫ್ಲಾಟ್‌ಬೆಡ್ ಸ್ಕ್ಯಾನರ್, ಮೊಬೈಲ್

ಜೆರಾಕ್ಸಿನಲ್ಲಿ ಟೋನರ್ ಗಟ್ಟಿಯಾಗಿ ಕೂರುತ್ತದೆ, ನೀರಿಗೆ ಹರಡುವುದಿಲ್ಲ. ಆದರೆ ಪೆನ್ಸಿಲ್ ಬರಹ ಮಾಯವಾಗುತ್ತದೆ, ಅರಿಸಿನದ ಕಲೆ ಕಪ್ಪು ಮಚ್ಚೆಯಾಗಿ ಕೆಳಗಿನ ಅಕ್ಷರವನ್ನು ಮುಚ್ಚುತ್ತದೆ. ಅಡುಗೆಮನೆಯಲ್ಲಿ ಬಳಸುವ ಪ್ರತಿಗೆ ಸರಿ, ಉಳಿಸುವ ಪ್ರತಿಗೆ ಸಾಲದು.

ಗಾಜಿನ ಮೇಲೆ ಹಾಳೆ ಇಟ್ಟು ತೆಗೆಯುವ ಫ್ಲಾಟ್‌ಬೆಡ್ ಬಿಡಿಹಾಳೆಗಳಿಗೆ ಎಲ್ಲಕ್ಕಿಂತ ಮೇಲು. ಬಣ್ಣದಲ್ಲಿ, 300 ಡಿಪಿಐ (ಇಂಚಿಗೆ 300 ಚುಕ್ಕೆ). ಅಕ್ಷರ ಸಣ್ಣದಾಗಿದ್ದರೆ ಅಥವಾ ಮಾಸಿದ್ದರೆ 600. ಎ4 ಹಾಳೆ 300ರಲ್ಲಿ ಕುಗ್ಗಿಸದೆ ಉಳಿಸಿದರೆ ಸುಮಾರು 26 ಎಂಬಿ, 600ರಲ್ಲಿ ಅದರ ನಾಲ್ಕರಷ್ಟು. ಇನ್ನೂರು ಪುಟಕ್ಕೆ 300ರಲ್ಲಿ 5 ಜಿಬಿಯಷ್ಟು, ಇವತ್ತಿನ ಲೆಕ್ಕದಲ್ಲಿ ದೊಡ್ಡದಲ್ಲ. ತೊಂದರೆ ಇರುವುದು ಹೊಲಿದ ಪುಸ್ತಕದಲ್ಲಿ: ಗಾಜಿಗೆ ಒತ್ತಿದರೆ ಬೆನ್ನು ಮುರಿಯುತ್ತದೆ, ಒತ್ತದಿದ್ದರೆ ಒಳಅಂಚು ಮಸುಕಾಗುತ್ತದೆ. ತೆಳ್ಳಗಿನ, ಕಡಿಮೆ ಬೆಲೆಯ ಸ್ಕ್ಯಾನರುಗಳಲ್ಲಿ ಗಾಜಿನಿಂದ ಸ್ವಲ್ಪ ಮೇಲೆದ್ದ ಭಾಗವೂ ಸ್ಪಷ್ಟ ಬರುವುದಿಲ್ಲ.

ಹೊಲಿದ ಪುಸ್ತಕಕ್ಕೆ ಮೊಬೈಲೇ ಸರಿ, ಸರಿಯಾಗಿ ಹಿಡಿದರೆ. ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಜಾಗ. ಫ್ಲಾಶ್ ಬೇಡ. ಪುಸ್ತಕವನ್ನು ಪೂರ್ತಿ ಚಪ್ಪಟೆ ಮಾಡದೆ, ತೆರೆದ ಎರಡು ರಟ್ಟಿನ ಕೆಳಗೂ ಬಟ್ಟೆಯ ಸುರುಳಿ ಕೊಟ್ಟು, ಅರ್ಧ ತೆರೆದಂತೆ ಇಡಿ. ಮೊದಲು ಬಲಪುಟಗಳನ್ನೆಲ್ಲ, ಆಮೇಲೆ ಎಡಪುಟಗಳನ್ನೆಲ್ಲ ತೆಗೆದರೆ ಕೋನ ಬದಲಾಗುವುದಿಲ್ಲ. ಫೋನು ಹಾಳೆಗೆ ಸಮನಾಗಿರಲಿ, ಸ್ಟ್ಯಾಂಡ್ ಇದ್ದರೆ ಒಳ್ಳೆಯದು. ‘ಸ್ಕ್ಯಾನರ್’ ಆ್ಯಪುಗಳು ತಾವಾಗಿ ಹಿನ್ನೆಲೆಯನ್ನು ಬಿಳಿಮಾಡುತ್ತವೆ. ಪೆನ್ಸಿಲ್ಲಿನ ತಿದ್ದುಪಡಿ, ಎಣ್ಣೆ ಕಲೆ, ಒಣಗಿದ ಹಿಟ್ಟಿನ ಗುರುತು ಎಲ್ಲ ಹೋಗುತ್ತದೆ. ಯಾವ ಪುಟಕ್ಕೆ ಕಲೆ ಜಾಸ್ತಿಯೋ ಆ ಅಡುಗೆಯೇ ಮನೆಯಲ್ಲಿ ಹೆಚ್ಚು ಸಲ ಆಗಿದ್ದು, ಕಲೆಯೂ ಒಂದು ದಾಖಲೆ. ಆದ್ದರಿಂದ ಸಾದಾ ಕ್ಯಾಮೆರಾದಲ್ಲೇ ತೆಗೆಯಿರಿ.

ರಟ್ಟು, ಖಾಲಿ ಪುಟ, ಸಿಕ್ಕಿಸಿದ ಚೀಟಿಯ ಎರಡೂ ಬದಿ ಒಂದನ್ನೂ ಬಿಡಬೇಡಿ. ಚೀಟಿ ಯಾವ ಎರಡು ಪುಟಗಳ ನಡುವೆ ಇತ್ತು ಎಂಬುದು ಫೋಟೋದಲ್ಲಿ ಬಂದ ಮೇಲಷ್ಟೇ ಅದನ್ನು ಎತ್ತಿ. ಅಂಗಡಿಯ ಥರ್ಮಲ್ ಬಿಲ್ಲಿನ ಹಿಂದೆ ಏನಾದರೂ ಬರೆದಿದ್ದರೆ ಅದಕ್ಕೇ ಮೊದಲ ಸರದಿ. ಬಿಲ್ಲಿನ ಮುಂಬದಿಯ ಅಚ್ಚು ಬೇಗ ಅಳಿಸಿಹೋಗುತ್ತದೆ. ನೆಂಟರಿಗೆ ವಾಟ್ಸ್ಯಾಪಿನಲ್ಲಿ ಕಳಿಸುವಾಗ ಫೋಟೋ ಆಗಿ ಕಳಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಈ ಚಿತ್ರಗಳ ಪ್ರತಿಗಳು ಮೂರು ಕಡೆ ಇರಲಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿ. ಪೆನ್‌ಡ್ರೈವ್ ಒಂದನ್ನೇ ನಂಬಿ ವರ್ಷಗಟ್ಟಲೆ ಮುಟ್ಟದೆ ಇಡುವುದು ಅಪಾಯ.

ಟೈಪ್ ಮಾಡುವುದು, ಅಳತೆ ಬಿಡಿಸುವುದು

ಅಚ್ಚಿನ ಕನ್ನಡವನ್ನು ಗೂಗಲ್ ಡಾಕ್ಸ್ ಚಿತ್ರದಿಂದ ಅಕ್ಷರಕ್ಕೆ ತಕ್ಕಮಟ್ಟಿಗೆ ಇಳಿಸುತ್ತದೆ: ಚಿತ್ರವನ್ನು ಡ್ರೈವ್‌ಗೆ ಏರಿಸಿ, ಡಾಕ್ಸಿನಲ್ಲಿ ತೆರೆಯಿರಿ. ಕೈಬರಹಕ್ಕೆ ಇದನ್ನು ನಂಬಲಾಗದು. ಒತ್ತಕ್ಷರದಲ್ಲಿ ಎಡವಿದ ಪದಗಳನ್ನು ಹುಡುಕಿ ತಿದ್ದುವ ಹೊತ್ತಿಗೆ ಕೂತು ಟೈಪ್ ಮಾಡಿ ಮುಗಿಸಬಹುದು. ಕನ್ನಡ ಅಂಕಿಗಳಲ್ಲಿ ೬ ಮತ್ತು ೯ರ ಬಗ್ಗೆ ವಿಶೇಷ ಎಚ್ಚರ ಇರಲಿ, ಮೆಣಸಿನಕಾಯಿಯ ಲೆಕ್ಕ ಅಲ್ಲೇ ಹಾಳಾಗುವುದು. ಟೈಪ್ ಯೂನಿಕೋಡಿನಲ್ಲೇ ಆಗಲಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರ ವಿಧಾನದಲ್ಲಿ ಟೈಪ್ ಮಾಡಿದ ಕಡತ ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ.

ಅಳತೆ ಬಿಡಿಸುವುದು ಈ ಕೆಲಸದಲ್ಲೇ ಕಷ್ಟದ ಭಾಗ, ಹಾಗಾಗಿ ಹೆಚ್ಚು ಸಮಯ ಬೇಡುವುದೂ ಇದೇ. ಹಳೆಯ ಪುಸ್ತಕದ ‘ಸೇರು’ ಒಂದೇ ಅಲ್ಲ. 80 ತೊಲದ ಪಕ್ಕಾ ಸೇರು ಎಂದರೆ 933 ಗ್ರಾಂ. 24 ತೊಲದ ಕಚ್ಚಾ ಸೇರು ಎಂದರೆ ಸುಮಾರು 280 ಗ್ರಾಂ. ಮೂರು ಪಟ್ಟಿಗಿಂತ ಹೆಚ್ಚಿನ ವ್ಯತ್ಯಾಸ! ಸಾಲದ್ದಕ್ಕೆ ಅಕ್ಕಿ, ಬೇಳೆಯನ್ನು ಪಾತ್ರೆಯ ಸೇರಿನಲ್ಲಿ ಅಳೆಯುತ್ತಿದ್ದರು, ಬೆಲ್ಲವನ್ನು ತೂಕದ ಸೇರಿನಲ್ಲಿ ತರುತ್ತಿದ್ದರು. ಒಬ್ಬಟ್ಟಿನ ಹೂರಣಕ್ಕೆ ‘ಬೇಳೆ ಒಂದು ಸೇರು, ಬೆಲ್ಲ ಮೂರು ಸೇರು’ ಎಂದಿದ್ದರೆ ಗಾಬರಿಯಾಗಬೇಡಿ. ಬೆಲ್ಲದ್ದು ಕಚ್ಚಾ ಸೇರು ಎಂದು ಹಿಡಿದರೆ 840 ಗ್ರಾಂ. ಪಾತ್ರೆಯ ಸೇರಿನ ಬೇಳೆಯನ್ನು ತೂಗಿದರೆ ಅದರ ಹತ್ತಿರಕ್ಕೇ ಬರುತ್ತದೆ. ಬೇಳೆ ಬೆಲ್ಲ ಸರಿಸಮ ಎನ್ನುವ ರೂಢಿಯ ಲೆಕ್ಕ ಅಲ್ಲಿಗೆ ಕೂಡುತ್ತದೆ. ಯಾವ ಸೇರು ಎಂದು ಹೀಗೆ ಅಡುಗೆಯಿಂದಲೇ ತಿಳಿಯಬೇಕು.

ಪಾವು, ಅಚ್ಚೇರು, ಚಟಾಕಿನ ಪಾತ್ರೆಗಳು ಇನ್ನೂ ಮನೆಯಲ್ಲಿದ್ದರೆ ಕೆಲಸ ಸುಲಭ. ಡಿಜಿಟಲ್ ತಕ್ಕಡಿಯ ಮೇಲೆ ಪಾತ್ರೆಯಿಟ್ಟು ಸೊನ್ನೆಗೆ ತಂದು, ಬಾಯಿಮಟ್ಟ ನೀರು ತುಂಬಿ; ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟು ಮಿಲಿಲೀಟರ್. ಆಮೇಲೆ ಅದೇ ಪಾತ್ರೆಯಲ್ಲಿ ಅಕ್ಕಿ, ತೊಗರಿಬೇಳೆ, ಕೊತ್ತಂಬರಿ ಬೀಜ ಬೇರೆಬೇರೆಯಾಗಿ ತೂಗಿ ಬರೆದಿಡಿ. ಕೊತ್ತಂಬರಿ ಬೀಜ ಹಗುರ, ಅಕ್ಕಿಯ ತೂಕದ ಅರ್ಧಕ್ಕೂ ಬರುವುದಿಲ್ಲ. ಎಲ್ಲ ಪಾವಿಗೂ ಒಂದೇ ಗ್ರಾಂ ಹಾಕಿದ ಸಾರಿನ ಪುಡಿ ಕೆಡುವುದು ಇಲ್ಲೇ. ರಾಶಿ ಏರಿಸಿ ಅಳೆಯುತ್ತಿದ್ದರೋ, ತೀಡಿ ಮಟ್ಟ ಮಾಡುತ್ತಿದ್ದರೋ ಎಂದು ಹಿರಿಯರನ್ನು ಕೇಳಿ. ‘ಒಂದು ಹಿಡಿ’ ಎಂದಿರುವಲ್ಲಿ ಅದೇ ಕೈಯಲ್ಲಿ ಅಡುಗೆ ಕಲಿತ ಅತ್ತೆಯೋ ಚಿಕ್ಕಮ್ಮನೋ ಇದ್ದರೆ ಅವರಿಂದ ಮೂರು ಸಲ ಹಿಡಿ ತುಂಬಿಸಿ ತೂಗಿ ಸರಾಸರಿ ಹಿಡಿಯಿರಿ. ‘ಒಂದಾಣೆ ಏಲಕ್ಕಿ’ ಎಂಬಂಥದ್ದನ್ನು ಗ್ರಾಮಿಗೆ ತಿರುಗಿಸುವ ಸಾಹಸ ಬೇಡ. ಇದ್ದ ಹಾಗೆ ಬರೆದು, ಪಕ್ಕದಲ್ಲಿ ನಿಮ್ಮ ಅಂದಾಜು ಬೇರೆಯಾಗಿ ಕಾಣುವಂತೆ ಹಾಕಿ.

ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿ ನೀರು ಕುದಿಯುವುದು 97 ಡಿಗ್ರಿಯ ಹತ್ತಿರ. ಮಂಗಳೂರಿನ ಅಜ್ಜಿ ಬರೆದ ‘ಬೇಳೆ ಅರ್ಧ ಗಂಟೆ ಬೇಯಿಸಿ’ ಇಲ್ಲಿ ತೆರೆದ ಪಾತ್ರೆಯಲ್ಲಿ ಅರ್ಧ ಗಂಟೆಗೆ ಮುಗಿಯುವುದಿಲ್ಲ. ಪಾಕಕ್ಕೆ ಥರ್ಮಾಮೀಟರ್ ಹಿಡಿಯುವವರು ಪುಸ್ತಕದ ಅಂಕಿಯಿಂದ ಮೂರು ಡಿಗ್ರಿ ಕಳೆಯಬೇಕು, ಇಲ್ಲದಿದ್ದರೆ ಮೈಸೂರು ಪಾಕು ಕಲ್ಲಾಗುತ್ತದೆ. ಎಳೆ ನೋಡಿ ಮಾಡುವವರಿಗೆ ಈ ಚಿಂತೆಯಿಲ್ಲ, ಒಂದೆಳೆ ಎಲ್ಲಿದ್ದರೂ ಒಂದೆಳೆಯೇ.

ಅಚ್ಚು: ಸ್ಪೈರಲ್, ನಡುಪಿನ್, ಅಂಟಿನ ಬೆನ್ನು

ಅಡುಗೆ ಮಾಡುತ್ತಾ ನೋಡುವ ಪುಸ್ತಕ ಕಟ್ಟೆಯ ಮೇಲೆ ತಾನಾಗಿ ತೆರೆದುಕೊಂಡಿರಬೇಕು. ಈ ಒಂದು ಕಾರಣಕ್ಕೇ ನಮ್ಮ ಆಯ್ಕೆ ಸ್ಪೈರಲ್, ಇಲ್ಲವೇ ವೈರೋ (ಜೋಡಿ ತಂತಿಯ ಬೈಂಡಿಂಗ್). ಅಂಟಿನ ಬೆನ್ನಿನ ಪುಸ್ತಕ ಕಪಾಟಿನಲ್ಲಿ ಚಂದ, ಹಂಚಲು ಚಂದ, ಆದರೆ ಒಲೆಯ ಮುಂದೆ ಮುಚ್ಚಿಕೊಳ್ಳುತ್ತಿರುತ್ತದೆ. ಒತ್ತಿ ತೆರೆದರೆ ಹಾಳೆ ಕಿತ್ತುಬರುತ್ತದೆ. 60 ಪುಟದೊಳಗಿದ್ದರೆ ನಡುಪಿನ್ (ಮಡಿಕೆಯ ನಡುವೆ ಪಿನ್ ಹೊಡೆಯುವುದು) ಅಗ್ಗ ಮತ್ತು ಗಟ್ಟಿ, ಪುಟಸಂಖ್ಯೆ ನಾಲ್ಕರ ಗುಣಾಕಾರದಲ್ಲಿರಬೇಕು. ಪುಸ್ತಕದ ಅಳತೆ ಡೆಮಿ 1/8 (ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ), ಕಾಗದ 80 ಜಿಎಸ್‌ಎಂ, ಅಕ್ಷರ 13 ಪಾಯಿಂಟಿಗಿಂತ ಕಡಿಮೆ ಬೇಡ. ಮನೆಯ ಇಂಕ್‌ಜೆಟ್ಟಿನಲ್ಲಿ ತೆಗೆದ ಹಾಳೆಗೆ ಒಂದು ಹನಿ ನೀರು ಬಿದ್ದರೂ ಮಸಿ ಹರಡಬಹುದು. ಲೇಸರ್ ಪ್ರಿಂಟೇ ಬೇಕು. ಬಲಪುಟದಲ್ಲಿ ಟೈಪ್ ಮಾಡಿದ ಅಡುಗೆ, ಎದುರಿನ ಎಡಪುಟದಲ್ಲಿ ಅದೇ ಪುಟದ ಕೈಬರಹದ ಚಿತ್ರ ಹಾಕಿಸಿದರೆ ಪುಟ ಎರಡರಷ್ಟಾಗುತ್ತದೆ. ಆ ಖರ್ಚು ಮಾಡಬೇಕಾದ ಖರ್ಚು: ಟೈಪಿನಲ್ಲಿ ತಪ್ಪಿದ್ದರೆ ಓದುವವರೇ ಕಂಡುಹಿಡಿಯುತ್ತಾರೆ. ಅಚ್ಚಿಗೆ ಕೊಡುವ ಮುಂಚೆ ಪ್ರತಿ ಅಡುಗೆಯನ್ನೂ ಬರೆದವರಲ್ಲದ ಇನ್ನೊಬ್ಬರು, ಓದಿಕೊಂಡೇ ಮಾಡಿ ನೋಡಬೇಕು.

ಅಚ್ಚಿನ ಹಳೆಯ ಪುಸ್ತಕ: ಹಳೆಯ ಪ್ರತಿಯೋ, ಮರುಮುದ್ರಣವೋ

ಅಮ್ಮನ ಬಳಿ ಇದ್ದ ಪುಸ್ತಕದ್ದೇ ಇನ್ನೊಂದು ಪ್ರತಿ ಬೇಕೆಂದು ಹುಡುಕುವವರು ಮರುಮುದ್ರಣ ಕೊಂಡು ನಿರಾಶರಾಗುವುದುಂಟು, ಹೊಸ ಮುದ್ರಣದಲ್ಲಿ ಪಾವು ಹೋಗಿ ಕಪ್ ಬಂದಿರುತ್ತದೆ. ಅಡುಗೆಗೆ ಮರುಮುದ್ರಣ ಸಾಕು. ನೆನಪಿಗೆ ಅದೇ ಮುದ್ರಣ ಬೇಕು. ಇಸವಿಯ ಪುಟ ಹರಿದಿದ್ದರೂ ಕಾಲ ಹೇಳುವ ಗುರುತುಗಳಿವೆ. ಬೆಲೆ ಆಣೆಯಲ್ಲಿದ್ದರೆ 1957ರ ಏಪ್ರಿಲ್‌ಗೆ ಮುಂಚಿನದು ಅಥವಾ ಅದಕ್ಕೆ ತೀರ ಹತ್ತಿರದ್ದು. ‘ನಯಾಪೈಸೆ’ ಇದ್ದರೆ ಅಲ್ಲಿಂದ 1964ರ ಸುಮಾರಿನವರೆಗೆ. ವಿಳಾಸದಲ್ಲಿ ‘ಬೆಂಗಳೂರು-4’ ಎಂದಷ್ಟೇ ಇದ್ದರೆ ಬಹುಪಾಲು 1972ಕ್ಕೆ ಮುಂಚಿನದು, ಆರಂಕಿಯ ಪಿನ್‌ಕೋಡ್ ಇದ್ದರೆ ಆಮೇಲಿನದು. ಹಳೆಯ ರೂಢಿಯಲ್ಲೇ ಬರೆದವರು ಇದ್ದುದರಿಂದ ಇದೊಂದನ್ನೇ ನೆಚ್ಚಬೇಡಿ. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್‌ಗೆ ಹಿಂದಿನದು. ಹದಿಮೂರು ಅಂಕಿಯ ಐಎಸ್‌ಬಿಎನ್ ಸಾಮಾನ್ಯವಾದದ್ದು 2007ರಿಂದ.

ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್ ಅಂಗಡಿಗಳಲ್ಲಿ ಇಂಗ್ಲಿಷ್ ಅಡುಗೆ ಪುಸ್ತಕಗಳು ಹೆಚ್ಚು. ಬ್ರಿಗೇಡ್ ರಸ್ತೆಯ ಬಳಿಯ ಸೆಲೆಕ್ಟ್ ಬುಕ್ ಶಾಪಿನಲ್ಲಿ ಹಳೆಯ, ಅಪರೂಪದ ಪ್ರತಿಗಳನ್ನು ವಿಚಾರಿಸಬಹುದು. ಕನ್ನಡದ್ದಕ್ಕೆ ಅವೆನ್ಯೂ ರಸ್ತೆಯ ಹಳೆ ಪುಸ್ತಕದವರಲ್ಲಿ ಹುಡುಕುವುದು ವಾಸಿ. ಕೊಳ್ಳುವ ಮುಂಚೆ ಬೆನ್ನಿನ ಹತ್ತಿರ ಮೂಸಿ ನೋಡಿ, ಪುಟಸಂಖ್ಯೆ ಎಣಿಸಿ. ಸಿಹಿತಿಂಡಿಯ ಭಾಗವೇ ಕಿತ್ತುಹೋಗಿರುವ ಪ್ರತಿಗಳು ಸಿಗುತ್ತವೆ. ತಂದ ಪುಸ್ತಕವನ್ನು ಕೆಲವು ವಾರ ಬೇರೆ ಕವರಿನಲ್ಲಿಟ್ಟು, ಹುಳು ಕೊರೆದ ತೂತಿನಿಂದ ಹೊಸ ಪುಡಿ ಬೀಳುತ್ತಿಲ್ಲವೆಂದು ಖಚಿತವಾದ ಮೇಲೆ ಉಳಿದವುಗಳ ಜೊತೆ ಸೇರಿಸಿ. ಲೇಖಕರು ತೀರಿಕೊಂಡು 60 ವರ್ಷ ಆಗುವವರೆಗೆ ಹಕ್ಕು ಅವರ ವಾರಸುದಾರರದ್ದು, ಹಾಗಾಗಿ ಪೂರ್ತಿ ಪುಸ್ತಕವನ್ನು ನಕಲು ಮಾಡಿ ಮಾರುವಂತಿಲ್ಲ.

ಮೂಲ ಯಾರ ಮನೆಯಲ್ಲಿ

ಅಣ್ಣತಮ್ಮ, ಅಕ್ಕತಂಗಿಯರ ನಡುವೆ ಪುಸ್ತಕವನ್ನು ಹಾಳೆ ಬಿಡಿಸಿ ಹಂಚಿಕೊಂಡ ಮನೆಗಳಿವೆ. ಅದು ಬೇಡ. ಮೂಲ ಒಂದೇ ಕಡೆ ಇರಲಿ. ಯಾರ ಮನೆ ಒಣ, ಯಾರು ಪದೇಪದೇ ಮನೆ ಬದಲಿಸುವುದಿಲ್ಲ ಎಂಬುದನ್ನು ನೋಡಿ ಕೊಡಿ. ಹೆಚ್ಚು ಅಡುಗೆ ಮಾಡುವವರಿಗೆ ಅಚ್ಚಿನ ಪ್ರತಿ, ಎಲ್ಲರಿಗೂ ಪೂರ್ತಿ ಚಿತ್ರಗಳು, ಪಾವಿನ ಪಾತ್ರೆ ಮೂಲದ ಜೊತೆಗೇ. ಬರೆದವರ ಹೆಸರು, ಊರು, ಸುಮಾರು ಯಾವ ಇಸವಿ, ಪುಸ್ತಕದಲ್ಲಿ ಬರುವ ‘ಪುಟ್ಟಿ ಮನೆ ಚಕ್ಕುಲಿ’ಯ ಪುಟ್ಟಿ ಯಾರು ಎಂಬುದನ್ನು ಬೇರೆ ಹಾಳೆಯಲ್ಲಿ ಪೆನ್ಸಿಲ್‌ನಿಂದ ಬರೆದು ಒಳಗಿಡಿ. ಆ ಹೆಸರುಗಳನ್ನು ಗುರುತಿಸಬಲ್ಲ ಹಿರಿಯರು ಇನ್ನೂ ಇದ್ದರೆ, ಸ್ಕ್ಯಾನಿಗಿಂತಲೂ ಮೊದಲು ಅವರ ಎದುರು ಪುಟ ತಿರುವುತ್ತಾ ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ. ಪ್ರತಿ ಪುಟಕ್ಕೂ ಮುಂಚೆ ಪುಟಸಂಖ್ಯೆಯನ್ನು ಗಟ್ಟಿಯಾಗಿ ಹೇಳಿ. ಇಲ್ಲದಿದ್ದರೆ ಯಾವ ಮಾತು ಯಾವ ಅಡುಗೆಗೆ ಸೇರಿದ್ದೆಂದು ಆಮೇಲೆ ಹೊಂದಿಸಲಾಗದು.